ಮಣಿಕೊಂಡದಲ್ಲಿ ಕಳುವಾದ ಮಾತುಗಳು

ಭಾನುವಾರ ಬೆಳಿಗ್ಗೆ 9.40ಕ್ಕೆ ದೂರು ಬಂತು. ಕೊಟ್ಟವನು ಪದ್ಮನಾಭ. ಮುಂದಿನ ಆರೋಗ್ಯ ಸಂಶೋಧನೆಗೆ ‘ತಳಮಟ್ಟದ ಜ್ಞಾನ’ ಒಟ್ಟುಮಾಡುವ ಸಂಸ್ಥೆಯೊಂದರ ನಿರ್ದೇಶಕ. ಅರ್ಧ ಹಣ ಸರ್ಕಾರದ್ದು, ಅರ್ಧ ಔಷಧ ಕಂಪನಿಗಳದ್ದು. ಮಣಿಕೊಂಡದ ಕಚೇರಿಯ ಬೀರುವಿನಿಂದ ರೆಕಾರ್ಡರ್ ಕಳುವಾಗಿತ್ತು. ಸುಲ್ತಾನ್ ಬಜಾರಿನ ಕನ್ನಡದ ಹೆಂಗಸರು ತಮ್ಮ ಕಾಯಿಲೆಗಳನ್ನು ಹೇಳಿಕೊಂಡಿದ್ದ ಮಾತುಗಳು ಅದರಲ್ಲಿದ್ದವು.

“ಇನ್ನೊಂದು ಪ್ರತಿ?” ತೆಲುಗಿನವನಾದ ಇನ್‌ಸ್ಪೆಕ್ಟರ್ ಸಾಯಿಕುಮಾರ ಕೇಳಿದ.

“ಮಾಡಿರಲಿಲ್ಲ. ನಾಳೆ ಸಭೆಯಲ್ಲಿ ಕೇಳಿಸಬೇಕಿತ್ತು.”

ಸಭೆಗೆ ಹೋಟೆಲ್, ಊಟ, ಅತಿಥಿಗಳಿಗೆ ಹೊದಿಸುವ ಶಾಲು ಮಾತ್ರ ಸಿದ್ಧವಿದ್ದವು.

“ಹೆಂಗಸರು ಒಪ್ಪಿದ್ದರಾ?” ಕಾನ್‌ಸ್ಟೇಬಲ್ ಸುವರ್ಣಾ ಕೇಳಿದಳು.

“ಹೆಸರು ಹೇಳಲ್ಲ ಅಂದಿದ್ದೀವಲ್ಲ ಮೇಡಂ. ಬರೀ ಧ್ವನಿ.”

ಧ್ವನಿಯಿಂದಲೇ ಗುರುತು ಸಿಗುತ್ತದೆ ಎಂಬುದು ಅಷ್ಟು ಓದಿದವನಿಗೆ ಹೊಳೆದಿರಲಿಲ್ಲ.

ಎಫ್‌ಐಆರ್ ದಾಖಲಾಯಿತು. ಬೀಗ ಒಡೆದಿಲ್ಲವೆಂದು ಪಂಚನಾಮೆಯಲ್ಲಿ ಬರೆದರು. ಕೀಲಿ ಇದ್ದದ್ದು ಮೂವರ ಬಳಿ: ಪದ್ಮನಾಭ, ಸಹಾಯಕಿ ಲಹರಿ, ಹೆಂಗಸರನ್ನು ಕರೆತರುತ್ತಿದ್ದ ಉಮಾಬಾಯಿ. ಪದ್ಮನಾಭನ ಅನುಮಾನ ಲಹರಿಯ ಮೇಲೆ. “ಉಮಾಬಾಯಿಗೆ ಅಷ್ಟು ಬುದ್ಧಿ ಎಲ್ಲಿ?” ಎಂದ.

ಹೆಂಗಸರು ಬಾಯಿ ಬಿಡಲೆಂದು ಕಚೇರಿಯ ಕೋಣೆಯಲ್ಲಿ ಜಮಖಾನೆ ಹಾಸಿ, ಅರಿಸಿನ-ಕುಂಕುಮದ ತಟ್ಟೆ ಇಟ್ಟಿದ್ದರು. ಶುಕ್ರವಾರ ಸಂಜೆ ಕೋಣೆ ಒರೆಸಿ ಬೀಗ ಹಾಕಿದ್ದರು. ಈಗ ಬಾಗಿಲ ಚಿಲಕದ ಮೇಲೆ ಕೆಂಪು ಬೆರಳಗುರುತು.

“ಇದನ್ನು ನೀವು ಹಚ್ಚಿಕೊಳ್ತೀರಾ?” ಸುವರ್ಣಾ ಲಹರಿಯನ್ನು ಕೇಳಿದಳು.

“ಅಯ್ಯೋ, ಅದು ಬರೋ ಹೆಂಗಸರಿಗೆ ಇಟ್ಟಿದ್ದು. ನಮಗಲ್ಲ.”

ಸುವರ್ಣಾ ಕಲಬುರಗಿ ಮನೆತನದವಳು. “ಸರ್,” ಎಂದು ಸಾಯಿಕುಮಾರನಿಗೆ ತೆಲುಗಿನಲ್ಲಿ ಹೇಳಿದಳು, “ನಮ್ಮ ಕಡೆ ಮುತ್ತೈದೆಯರು ಕುಂಕುಮ ಹಚ್ಚಿಕೊಳ್ಳದೆ ಯಾರ ಮನೆಯಿಂದಲೂ ಏಳುವುದಿಲ್ಲ. ಕದ್ದು ಹೊರಟರೂ ಕೈ ತಾನಾಗಿ ತಟ್ಟೆಗೆ ಹೋಗುತ್ತದೆ.”

ಉಮಾಬಾಯಿ ಏನನ್ನೂ ಅಲ್ಲಗಳೆಯಲಿಲ್ಲ. ಬೆರಳಗುರುತು ತಾಳೆಯಾಯಿತು. ರೆಕಾರ್ಡರ್ ಅವಳ ಅಡುಗೆಮನೆಯಲ್ಲೇ ಇತ್ತು, ಬೆಂದು ಸೊಟ್ಟಗಾಗಿ.

“ಇದೇನ್ರಿ ಅಕ್ಕಾರ?” ಸುವರ್ಣಾ ಕೇಳಿದಳು.

“ಕುಕ್ಕರಿನ್ಯಾಗ ಹಾಕಿ ನಾಕು ಸೀಟಿ ಹೊಡಿಸೀನಿ. ಇನ್ನ ಮಾತಾಡಂಗಿಲ್ಲ ಅದು.”

“ಯಾಕ್ರಿ?”

ಉಮಾಬಾಯಿ ಬಾಗಿಲಲ್ಲಿ ನಿಂತ ಸಾಯಿಕುಮಾರನನ್ನು ನೋಡಿದಳು.

“ಅವ್ರಿಗೆ ಕನ್ನಡ ಬರಂಗಿಲ್ಲ. ಹೇಳ್ರಿ.”

“ನನ್ನ ಮಗಳು ಪಿಂಕಿಗೆ ಫಿಟ್ಸ್ ಬರ್ತಾವು. ಅತ್ತಿಮನಿಯವ್ರಿಗೆ ಹೇಳಿಲ್ಲ. ಖುದ್ದ ನಾನ ಕರಕೊಂಡು ಹೋಗಿ, ಹೇಳವ್ವ, ಯಾರಿಗೂ ಗೊತ್ತಾಗಂಗಿಲ್ಲ ಅಂದೆ. ನಾಳೆ ಸಭಾದಾಗ ಆಕಿ ಮಾವಗ ಶಾಲು ಹೊದಿಸಾಕ ಕರದಾರಂತ, ಬಜಾರದ ಹಿರ್ಯಾ ಅಂತ. ಸೊಸಿ ದನಿ ಮಾವಗ ತಿಳಿಯಂಗಿಲ್ಲೇನು?”

“ಏನಂತೆ?” ಸಾಯಿಕುಮಾರ ಕೇಳಿದ.

“ಅಷ್ಟು ಮಾತಾಡಿದ್ದಕ್ಕೆ ಒಂದು ಸ್ಟೀಲ್ ಡಬ್ಬಿ ಕೊಟ್ಟು ಕಳಿಸಿದರಂತೆ ಸರ್. ಆ ಸಿಟ್ಟು,” ಸುವರ್ಣಾ ತೆಲುಗಿನಲ್ಲಿ ಹೇಳಿದಳು.

ಅವನು ಹಾಗೇ ಬರೆದುಕೊಂಡ. ಸಂಜೆ ಬಂಧನದ ಸುದ್ದಿ ಕೇಳಿ ಪದ್ಮನಾಭನೂ ನಂಬಿದ. “ಈ ಜನ ಇಷ್ಟೇ,” ಎಂದ.

ಪಿಂಕಿಯ ವಿಷಯವನ್ನು ಠಾಣೆಯಲ್ಲಾಗಲಿ, ಮನೆಯಲ್ಲಾಗಲಿ, ಮುಂದೆ ಕೋರ್ಟಿನಲ್ಲಾಗಲಿ ಹೇಳುವುದಿಲ್ಲವೆಂದು ಸುವರ್ಣಾ ಆಗಲೇ ತೀರ್ಮಾನಿಸಿದ್ದಳು.