ಮಾಂತ್ರಿಕನ ಚಳಿಗೆ ಮಲಗಿ ಎದ್ದ ಮದ್ಯ

ಬಹಳ ಬಹಳ ಹಿಂದೆ, ಫ್ರಾನ್ಸ್ ದೇಶಕ್ಕೆ ಇನ್ನೂ ಆ ಹೆಸರು ಬಂದಿರದ ಕಾಲದಲ್ಲಿ, ಸುಣ್ಣಕಲ್ಲಿನ ಗುಡ್ಡಗಳ ನಡುವೆ ಒಂದು ರಾಜ್ಯವಿತ್ತು. ಅದನ್ನು ಹಿಮಮಾಂತ್ರಿಕನೊಬ್ಬ ಆಳುತ್ತಿದ್ದ. ಅವನು ಉಫ್ ಎಂದು ಊದಿದರೆ ಸಾಕು, ಚಳಿಗಾಲ ಬರುತ್ತಿತ್ತು. ಒಂದು ದಿನ ಎದುರು ಮಾತಾಡಿದ ತಪ್ಪಿಗೆ ಅವನು ತಿಬೋ ಎಂಬ ತರುಣನನ್ನು ಸುಣ್ಣದ ಬೊಂಬೆ ಮಾಡಿ ಮಲಗಿಸಿಬಿಟ್ಟ.

ತಿಬೋನ ಹೆಂಡತಿ ಎಲೋಡಿ ದ್ರಾಕ್ಷಿ ಬೆಳೆದು ಮದ್ಯ ಮಾಡುವವಳು, ಗಟ್ಟಿಗಿತ್ತಿ. ಅಳುತ್ತಾ ಕೂರಲಿಲ್ಲ. ನೇರ ಅರಮನೆಗೆ ಹೋಗಿ, "ನನ್ನ ಗಂಡನನ್ನು ಎಬ್ಬಿಸು" ಎಂದಳು.

"ನಾನು ಮಲಗಿಸಿದ್ದು ಯಾವುದೂ ಏಳುವುದಿಲ್ಲ," ಎಂದ ಮಾಂತ್ರಿಕ. "ಎದ್ದದ್ದು ಒಂದನ್ನಾದರೂ ತಂದು ತೋರಿಸು, ಅವನೂ ಏಳುತ್ತಾನೆ. ಮೂರು ವಸಂತ ಕಾಯುತ್ತೇನೆ. ಆಗದಿದ್ದರೆ ನೀನೂ ಬೊಂಬೆ."

ಎಲೋಡಿಗೆ ಒಳಗೊಳಗೇ ನಗು ಬಂತು. ಅವನ ಚಳಿಗೆ ಅವಳ ನೆಲಮಾಳಿಗೆಯ ದ್ರಾಕ್ಷಾರಸ ಹುದುಗು ಬರುವುದನ್ನು ಅರ್ಧಕ್ಕೇ ನಿಲ್ಲಿಸಿ ಮಲಗುತ್ತಿತ್ತು, ವಸಂತದಲ್ಲಿ ಬೆಚ್ಚಗಾದೊಡನೆ ಎದ್ದು ಗುಳ್ಳೆ ಬಿಡುತ್ತಿತ್ತು. ಕೆಟ್ಟುಹೋಯಿತೆಂದು ಊರವರು ಅಂಥದ್ದನ್ನು ಚೆಲ್ಲುತ್ತಿದ್ದರು.

ಮೊದಲ ವಸಂತದಲ್ಲಿ ಅದನ್ನು ಸೀಸೆಗೆ ತುಂಬಿ ಒಯ್ದಳು. ಅರಮನೆಯ ಮೆಟ್ಟಿಲ ಮೇಲೆ ಗುಳ್ಳೆಗಳ ಒತ್ತಡಕ್ಕೆ ಸೀಸೆ ಢಮಾರೆಂದು ಒಡೆಯಿತು. ಎಲೋಡಿ ಕಾಡಿನಲ್ಲಿದ್ದ, ಬೆಂಕಿ ಉಗುಳುವ ಮುದಿ ಹಾವೊಂದರ ಬಳಿಗೆ ಹೋದಳು. "ಅಜ್ಜಾ, ಇನ್ನೂ ಸ್ವಲ್ಪ ಜೋರಾಗಿ ಊದು," ಎಂದು ಪುಸಲಾಯಿಸಿ, ಅದರ ಉಸಿರಿನಲ್ಲಿ ಗಾಜು ಕರಗಿಸಿ ದಪ್ಪ ಸೀಸೆಗಳನ್ನು ಮಾಡಿಕೊಂಡಳು.

ಎರಡನೆಯ ವಸಂತದಲ್ಲಿ ಸೀಸೆ ಉಳಿಯಿತು, ಆದರೆ ಅದರ ಬಾಯಿಗೆ ಹಾಕಿದ್ದ ಬಿರಟೆ ಹಾರಿ ಮಾಂತ್ರಿಕನ ಮೂಗಿಗೆ ಬಡಿಯಿತು. ನೋಡಿದವರಿಗೆ ಖುಷಿಯಾಯಿತು ನಿಜ, ಮದ್ಯವೆಲ್ಲ ನೆಲದ ಪಾಲಾಯಿತು. ಅಂದಿನಿಂದ ಎಲೋಡಿ ಬಿರಟೆಗಳನ್ನು ದಾರದಿಂದ ಬಿಗಿದು ಕಟ್ಟತೊಡಗಿದಳು.

ಮೂರನೆಯ ವಸಂತದಲ್ಲಿ ಮಾಂತ್ರಿಕ ಸೀಸೆಯನ್ನು ಬೆಳಕಿಗೆ ಹಿಡಿದ. ಒಳಗೆ ಗಸಿ ಕದಡಿತ್ತು. "ಇದು ಎದ್ದದ್ದಲ್ಲ, ಕೊಳೆತದ್ದು," ಎಂದ.

"ವಸಂತ ಇನ್ನೂ ಮುಗಿದಿಲ್ಲ," ಎಂದಳು ಎಲೋಡಿ.

ಮನೆಗೆ ಬಂದು ಸೀಸೆಗಳನ್ನು ತಲೆಕೆಳಗಾಗಿ ನಿಲ್ಲಿಸಿದಳು. ದಿನವೂ ಒಂದೊಂದನ್ನೂ ಚೂರುಚೂರೇ ತಿರುಗಿಸಿದಳು. ಗಸಿಯೆಲ್ಲ ಜಾರಿ ಬಿರಟೆಯ ಮೇಲೆ ಬಂದು ಕೂತಿತು. ವಸಂತದ ಕೊನೆಯ ದಿನ ಒಂದು ಸೀಸೆಯನ್ನು ತಲೆಕೆಳಗಾಗಿಯೇ ಒಯ್ದು, ಮಾಂತ್ರಿಕನ ಎದುರಿನಲ್ಲೇ ದಾರ ಕತ್ತರಿಸಿದಳು. ಬಿರಟೆ ಹಾರಿ, ಗಸಿ ಚಿಮ್ಮಿ ಅವನ ಗಡ್ಡಕ್ಕೆ ಮೆತ್ತಿತು. ಎಲೋಡಿ ಥಟ್ಟನೆ ಹೆಬ್ಬೆರಳಿಂದ ಸೀಸೆಯ ಬಾಯಿ ಮುಚ್ಚಿ, ತಿಳಿಯಾದ ಮದ್ಯವನ್ನು ಬಟ್ಟಲಿಗೆ ಬಗ್ಗಿಸಿದಳು. ಗುಳ್ಳೆಗಳು ಸಾಲುಸಾಲಾಗಿ ಮೇಲೇರಿದವು.

"ಮಲಗಿದೆಯೋ ಎದ್ದಿದೆಯೋ, ಕುಡಿದೇ ಹೇಳು."

ಮಾಂತ್ರಿಕ ಕುಡಿದ. ಗುಳ್ಳೆಗಳು ಮೂಗಿಗೇರಿದವು. ಹುಟ್ಟಿದಾಗಿನಿಂದ ನಗದವನು ಕಿಸಕ್ಕನೆ ನಕ್ಕ, ನಗುತ್ತ ನಗುತ್ತ ಕರಗಿ, ನೀರಾಗಿ ಮೆಟ್ಟಿಲಿಳಿದು ಹೋದ.

ತಿಬೋ ಸುಣ್ಣ ಕೊಡವಿಕೊಂಡು ಆಕಳಿಸಿದ. "ಇಷ್ಟು ಹೊತ್ತು ಮಲಗಿಬಿಟ್ಟೆನಲ್ಲೇ. ಎಬ್ಬಿಸಬಾರದಿತ್ತೇ?"

"ಮೂರು ವರ್ಷದಿಂದ ಅದನ್ನೇ ಮಾಡ್ತಿದ್ದೀನಿ ಕಣ್ರೀ," ಎಂದ ಎಲೋಡಿಗೆ ಆಗ ಮೊದಲ ಸಲ ಕಣ್ಣು ತುಂಬಿ ಬಂತು.

ಆಮೇಲೆ ಆ ರಾಜ್ಯದಲ್ಲಿ ಎಲ್ಲರೂ ಸುಖವಾಗಿದ್ದರು. ತಿಬೋ ಮಾತ್ರ ಮಧ್ಯಾಹ್ನ ಕಣ್ಣು ಮುಚ್ಚುವ ಮುಂಚೆ ಹೆಂಡತಿಗೆ ಹೇಳಿಯೇ ಮಲಗುತ್ತಿದ್ದ.