ಮೊಳದಷ್ಟು ಮೇಲೆ

ಮೇಜಿನ ಮೇಲೆ ಮೂರು ಕೋವಿಗಳಿದ್ದವು. ಒಂದರ ನಳಿಗೆ ಉದ್ದ, ಒಂದರದು ಮೋಟು, ಮೂರನೆಯದು ಇಪ್ಪತ್ತು ವರ್ಷ ದುಡಿದು ಒಳಗೆಲ್ಲ ಸವೆದುಹೋದದ್ದು. ಪಕ್ಕದ ಸ್ಟೀಲ್ ಪಾತ್ರೆಯಲ್ಲಿ ನಾಲ್ಕು ಕಾರ್ಖಾನೆಗಳ ತೋಟಾಗಳನ್ನು ಡಾಕ್ಟರ್ ಸಿಂಚನಾ ತಾನೇ ಕೈಯಾಡಿಸಿ ಬೆರೆಸಿಟ್ಟಿದ್ದಳು. ಎರಡು ಸಾವಿರದ ಅರವತ್ತೊಂದನೇ ಇಸವಿಯ ಫೆಬ್ರವರಿ. ಮೈಸೂರಿನಾಚೆಯ ಒಂದು ಫೈರಿಂಗ್ ರೇಂಜ್. ಹಿಂದಿನ ವಾರವಷ್ಟೇ ಕೆಲಸಕ್ಕೆ ಸೇರಿದ್ದ ಪೇದೆಯೊಬ್ಬಳನ್ನು ಕರೆದು, ‘ಮೂರೂ ಕೋವಿಗೆ ಕೈಗೆ ಸಿಕ್ಕಿದ್ ತೋಟಾ ಹಾಕಮ್ಮ, ಹೊಡಿ’ ಎಂದಳು. ಮೊದಲ ಮೂರು ಗುಂಡು ಆಚೀಚೆ ಹೋದವು. ನಾಲ್ಕನೆಯದರಿಂದ ಮೂವತ್ತನೆಯದರವರೆಗೆ, ಮುನ್ನೂರು ಮೀಟರ್ ದೂರದ ಹಲಗೆಯ ಮೇಲೆ, ಎಲ್ಲವೂ ಒಂದು ಪೂರಿಯಷ್ಟು ಜಾಗದೊಳಗೆ ಬಿದ್ದವು. ನೋಡಲು ಬಂದಿದ್ದ ಅಧಿಕಾರಿಗಳು ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಇದರಲ್ಲೇನು ಹೆಚ್ಚುಗಾರಿಕೆ ಎನ್ನುವವರಿಗೆ ಒಂದು ಮಾತು ಹೇಳಬೇಕು. ಕೋವಿಯಿಂದ ಹೊರಟ ಗುಂಡು ನೆಟ್ಟಗೆ ಹೋಗುತ್ತದೆಂದು ನಾವೆಲ್ಲ ನಂಬಿದ್ದೇವೆ. ಎಲ್ಲಿ ಬಂತು! ಎಸೆದ ಕಲ್ಲಿನಂತೆ ಅದೂ ಹೊರಟ ಗಳಿಗೆಯಿಂದಲೇ ಕೆಳಕ್ಕೆ ಇಳಿಯತೊಡಗುತ್ತದೆ. ಅದಕ್ಕೇ ಕೋವಿಯ ಮೇಲಿನ ದುರ್ಬೀನಿನಲ್ಲಿ, ಅಂದರೆ ಸ್ಕೋಪಿನಲ್ಲಿ, ಒಂದರ ಕೆಳಗೊಂದು ಗೆರೆ ಕೊರೆದಿರುತ್ತಾರೆ. ನೂರು ಮೀಟರಿಗೆ ಮೇಲಿನದು, ಇನ್ನೂರಕ್ಕೆ ಅದರ ಕೆಳಗಿನದು, ಹೀಗೆ. ಕೆಳಗಿನ ಗೆರೆಯನ್ನು ಗುರಿಗೆ ಹಿಡಿದಷ್ಟೂ ನಳಿಗೆ ಮೇಲೇಳುತ್ತದೆ, ಗುಂಡು ದೂರ ಮುಟ್ಟುತ್ತದೆ. ಆದರೆ ಗೆರೆ ಕೊರೆದ ಪುಣ್ಯಾತ್ಮರು ಯಾವುದೋ ಒಂದು ನಳಿಗೆ, ಯಾವುದೋ ಒಂದು ತೋಟಾ ಮನಸ್ಸಿನಲ್ಲಿಟ್ಟುಕೊಂಡು ಕೊರೆದಿರುತ್ತಾರೆ. ನಳಿಗೆ ಮೋಟಾದರೆ ಗುಂಡಿನ ವೇಗ ಕಡಿಮೆ, ತೋಟಾ ಬದಲಾದರೆ ಗುಂಡಿನ ತೂಕವೇ ಬೇರೆ. ಆಗ ಮುನ್ನೂರರ ಗೆರೆ ಮುನ್ನೂರಕ್ಕೆ ಸುಳ್ಳು ಹೇಳುತ್ತದೆ. ನಳಿಗೆಗೂ ತೋಟಾಕ್ಕೂ ಗೆರೆಗೂ ಜಾತಕ ಕೂಡಿಸುವ ಈ ತಾಪತ್ರಯದಲ್ಲೇ ಕೋವಿ ಹಿಡಿದವರು ತಲೆಮಾರುಗಟ್ಟಲೆ ಕಳೆದಿದ್ದರು.

ಸಿಂಚನಾ ತಯಾರಿಸಿ ಈ ಕೋವಿಗಳಿಗೆ ಕೂರಿಸಿದ್ದ ಸ್ಕೋಪಿನಲ್ಲಿ ಕೊರೆದ ಗೆರೆಯೇ ಇರಲಿಲ್ಲ. ಗಾಜಿನ ಮೇಲೆ ಬೆಳಕಿನಿಂದ ಮೂಡುವ ಗೆರೆಗಳವು. ನಳಿಗೆಯ ತುದಿಗೆ ತೊಡಿಸಿದ ಬಳೆಯೊಂದು ಗುಂಡಿನ ವೇಗ ಅಳೆಯುತ್ತಿತ್ತು. ಒಳಗಿನ ಕ್ಯಾಮೆರಾ ಗುಂಡು ಎಲ್ಲಿ ಬಿತ್ತೆಂದು ನೋಡುತ್ತಿತ್ತು. ಯಂತ್ರ ಕೇಳಿಕೊಳ್ಳುತ್ತಿದ್ದದ್ದು ಎರಡೇ ಪ್ರಶ್ನೆ. ಗೆರೆಯ ಅಡಿ ಏನಿತ್ತು? ಗುಂಡು ಎಲ್ಲಿ ಬಿತ್ತು? ಎರಡಕ್ಕೂ ವ್ಯತ್ಯಾಸ ಕಂಡರೆ ಅದು ತಪ್ಪು. ಒಂದೇ ಬಗೆಯ ತಪ್ಪು ಮತ್ತೆ ಮತ್ತೆ ಕಂಡರೆ ಗೆರೆಯನ್ನು ಸರಿಸಬೇಕು. ಪರೀಕ್ಷೆಗೆಂದು ವರ್ಷದ ಹಿಂದೆ ಕಾಡಿನ ಗಾರ್ಡುಗಳಿಗೂ ಒಂದು ಮೀಸಲು ಪೊಲೀಸ್ ಪಡೆಗೂ ಕೊಟ್ಟಿದ್ದ ಸ್ಕೋಪುಗಳು ತಾವಾಗಿ ಗೆರೆ ಸರಿಸದೆ, ತಮ್ಮ ತಪ್ಪುಗಳನ್ನೆಲ್ಲ ಮೈಸೂರಿನ ಲ್ಯಾಬಿಗೆ ಕಳಿಸಿದ್ದವು. ಅವನ್ನು ಕೂಡಿಸಿ ತಯಾರಿಸಿದ ಮೊದಲ ತಿದ್ದುಪಡಿ ಮಾರ್ಚ್ ಒಂದಕ್ಕೆ ಕಾಡಿಗೆ, ಏಪ್ರಿಲ್ ಒಂದಕ್ಕೆ ಪೊಲೀಸರಿಗೆ ಹೋಗುವುದಿತ್ತು. ‘ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇನ್ನು ನೆಲ ಡೊಂಕಾಗೋ ಮಾತೇ ಇಲ್ಲ’ ಎಂದು ಸಿಂಚನಾ ಆ ದಿನ ಭಾಷಣದಲ್ಲಿ ಹೇಳಿ ಎಲ್ಲರನ್ನೂ ನಗಿಸಿದಳು.

ಮಾರ್ಚ್ ಎರಡರ ಬೆಳಗ್ಗೆ ಏಳು ಗಂಟೆಗೆ, ಚಾಮರಾಜನಗರದ ಕಡೆಯ ಕಾಡಂಚಿನ ಕಾರೆಮಡುವಿನಲ್ಲಿ, ಜಡೇಗೌಡನೆಂಬ ಫಾರೆಸ್ಟ್ ಗಾರ್ಡು ಮೆಕ್ಕೆಜೋಳದ ಹೊಲಕ್ಕೆ ನುಗ್ಗಿ ಬದುವಿನ ಮರದಡಿ ನಿಂತಿದ್ದ ಹೆಣ್ಣಾನೆಯೊಂದನ್ನು ಒಂದೇ ಗುಂಡಿಗೆ ಕೆಡವಿದ. ನೆತ್ತಿಗೇ ಬಿದ್ದಿತ್ತು ಗುಂಡು. ಐವತ್ತಾರು ವರ್ಷದ ಆತನನ್ನು ಅಂದೇ ಹಿಡಿದು ಒಳಗೆ ಹಾಕಿದರು. ಸಾಕ್ಷಿ ಹುಡುಕುವ ಕಷ್ಟವೂ ಇರಲಿಲ್ಲ, ಸ್ಕೋಪೇ ಬರೆದಿಟ್ಟಿತ್ತು: ಗೆರೆಯ ಅಡಿ ಆನೆಯ ತಲೆ, ಗುಂಡು ಬಿದ್ದದ್ದು ಆನೆಯ ತಲೆಗೆ. ಏಳು ವರ್ಷ ಗ್ಯಾರಂಟಿ ಎಂದರು ಬಲ್ಲವರು. ಸ್ಕೋಪು ಸುಳ್ಳು ಹೇಳುವುದಿಲ್ಲವೆಂದು ಕೋರ್ಟಿನಲ್ಲಿ ಹೇಳಲು ಸರ್ಕಾರಿ ವಕೀಲರು ಸಿಂಚನಾಳನ್ನೇ ಕರೆದರು. ಅವಳು ಒಪ್ಪಿಯೂ ಬಿಟ್ಟಿದ್ದಳು. ಅಷ್ಟರಲ್ಲಿ ಜಡೇಗೌಡನ ಪರ ವಕೀಲೆ ರುಕ್ಸಾನಾ ಫೋನು ಮಾಡಿ, ‘ಡಾಕ್ಟ್ರೇ, ಸಾಕ್ಷಿ ಹೇಳೋಕ್ ಮುಂಚೆ ಒಂದ್ಸಲ ಆ ಮನುಷ್ಯನ್ನ ಮಾತಾಡ್ಸಿ. ಆಮೇಲ್ ಏನಾದ್ರೂ ಹೇಳ್ಕೊಳ್ಳಿ’ ಎಂದಳು.

ಜೈಲಿನಲ್ಲಿ ಜಡೇಗೌಡ ಬೆಂಚಿನ ತುದಿಗೆ ಕೂತು ನೆಲ ನೋಡುತ್ತಿದ್ದ.

‘ಅವ್ಳ ಎಡಗಿವಿ ಹರಿದಿತ್ತು ಮೇಡಮ್ಮೋರೆ. ಮರಿಯಾಗಿದ್ದಾಗ್ಲಿಂದ ನೋಡಿವ್ನಿ. ನಾ ಅವಳ್ನ ಕೊಲ್ಲೋದುಂಟಾ?’

‘ಹಂಗಾದ್ರೆ ಗೆರೆ ಅವಳ ತಲೆ ಮೇಲೆ ಯಾಕ್ ಇಟ್ರಿ ಜಡೇಗೌಡ್ರೆ? ರೆಕಾರ್ಡಲ್ಲಿ ಎಲ್ಲಾ ಕಾಣುತ್ತೆ.’

‘ಸೊಪ್ಪು ಉದುರ್ಸಕ್ಕೆ.’

ಸಿಂಚನಾಗೆ ಅರ್ಥವಾಗಲಿಲ್ಲ. ಇಷ್ಟು ಓದಿದವರಿಗೆ ಇದೂ ಗೊತ್ತಿಲ್ಲವಲ್ಲ ಎಂಬಂತೆ ಅವನು ತಲೆಯೆತ್ತಿದ.

‘ಪಟಾಕಿ ಹೊಡುದ್ರೆ ಆನೆ ಈಗ ತಿರುಗೂ ನೋಡಕಿಲ್ಲ. ಆಕಾಸುಕ್ಕೆ ಗುಂಡು ಹಾರ್ಸುದ್ರೂ ಅಷ್ಟೇಯ. ನೆತ್ತಿ ಮ್ಯಾಲಿನ್ ಕೊಂಬೆಗೆ ಗುಂಡು ಬಡ್ದು, ಸೊಪ್ಪು ಮೈಮ್ಯಾಲೆ ಸುರೀಬೇಕು. ಆಗ ಗಾಬ್ರಿ ಬಿದ್ದು ಮಕ್ಕಳುಮರಿ ಕಟ್ಕಂಡು ಹೋಯ್ತವೆ. ನೂರು ಮೀಟ್ರಲ್ಲಿ ನಿಂತ್ಕಂಡು ನಾನೂರರ ಗೆರೆನ ಆನೆ ತಲೆ ಮ್ಯಾಲಿಡೋದು. ಗುಂಡು ಒಂದ್ ಮೊಳ ಮ್ಯಾಲ್ ಹೋಯ್ತದೆ. ನಮ್ಮಪ್ಪ ವಾಚರಾಗಿದ್ದಾಗ್ಲಿಂದ್ಲೂ ಹಂಗೇಯ, ಎಲ್ಲಾ ಗಾರ್ಡೂ ಹಂಗೇ ಮಾಡೋದು.’

‘ಹಿಂದಿನ ರಿಪೋರ್ಟಲ್ಲೆಲ್ಲ ಗಾಳಿಯಲ್ಲಿ ಗುಂಡು ಅಂತ ಬರ್ದಿದೀರಲ್ಲ?’

‘ಇನ್ನೇನ್ ಬರಿಯಾದು? ಆನೆ ಕಡೀಕೆ ಕೋವಿ ತಿರುಗ್ಸುದ್ರೇ ಸಸ್ಪೆಂಡು ಮಾಡ್ತಾರೆ.’

ಕಾಡಿನ ಸ್ಕೋಪುಗಳು ವರ್ಷವಿಡೀ ಕಳಿಸಿದ್ದ ತಪ್ಪು ಸಿಂಚನಾಗೆ ಬಾಯಿಪಾಠವಾಗಿತ್ತು: ಗೆರೆಯ ಅಡಿ ಪ್ರಾಣಿ, ಗುಂಡು ಮೊಳದಷ್ಟು ಮೇಲೆ. ತೋಟಾದಲ್ಲಿ ಮದ್ದು ಹೆಚ್ಚಾಗಿದೆಯೆಂದುಕೊಂಡು ಅವಳು ಅದರ ಮೇಲೊಂದು ಪ್ರಬಂಧವನ್ನೇ ಬರೆದಿದ್ದಳು. ಯಂತ್ರ ಪಾಪ, ತನಗೆ ಕಲಿಸಿದ್ದನ್ನು ನಿಯತ್ತಿನಿಂದ ಮಾಡಿತ್ತು. ಮಾರ್ಚ್ ಒಂದರಂದು ನಾನೂರರ ಗೆರೆಯನ್ನು ಎಳೆದು ಸರಿಯಾದ ಜಾಗಕ್ಕೆ ತಂದಿತ್ತು. ಮಾರನೆಯ ಬೆಳಗ್ಗೆ ಜಡೇಗೌಡ ತನ್ನ ಪದ್ಧತಿಯಂತೆ ಅದೇ ಗೆರೆಯನ್ನು ಆನೆಯ ತಲೆಗೆ ಹಿಡಿದಿದ್ದ. ಮೂರು ವರ್ಷ ಈ ಯಂತ್ರಕ್ಕಾಗಿ ನಿದ್ದೆಗೆಟ್ಟವಳು ಒಂದು ದಿನವೂ ಕಾಡಿಗೆ ಹೋಗಿ, ನೀವು ಹೇಗೆ ಹೊಡೆಯುತ್ತೀರಿ ಎಂದು ಒಬ್ಬ ಗಾರ್ಡನ್ನೂ ಕೇಳಿರಲಿಲ್ಲ.

‘ಗೆರೆ ಸರಿಸಿದ್ದು ನಾವು ಜಡೇಗೌಡ್ರೆ’ ಎಂದಳು. ‘ನಿಮ್ಮ ಕೈ ತಪ್ಪಿಲ್ಲ.’

ಬೈಯುತ್ತಾನೆಂದು ಅವಳು ಕಾದಳು, ಅವನು ಬೈಯಲಿಲ್ಲ.

‘ಅದ್ನ ನಮ್ ಪೋಡ್ನೋರ್ಗೆ, ನಮ್ ಹಟ್ಟಿ ಜನುಕ್ಕೆ ಯೋಳಿ ಮೇಡಮ್ಮೋರೆ. ಜೈಲು ಇದ್ರೆ ಇರ್ಲಿ. ಬೇಕಂತ್ಲೇ ಕೊಂದ ಅಂತ ನಮ್ಮ ಸೋಲಿಗ್ರು ಯಾರೂ ನನ್ ಮನೆ ಮೆಟ್ಲು ತುಳೀತಿಲ್ವಂತೆ. ನನ್ನೆಂಡ್ರೂ ಬಂದು ಮೊಕ ನೋಡ್ನಿಲ್ಲ.’

ಲ್ಯಾಬಿಗೆ ಮರಳಿದ ಮೇಲೆ ಅವಳು ಮಾಡಿದ ಮೊದಲ ಕೆಲಸ, ಕಾಡಿಗೆ ಹೋಗಿದ್ದ ತಿದ್ದುಪಡಿಯನ್ನು ಹಿಂದಕ್ಕೆ ಪಡೆದದ್ದು. ಆಮೇಲೆ ಪೊಲೀಸ್ ಪಡೆಯ ದಾಖಲೆ ತೆರೆದಳು. ಅಲ್ಲೂ ಗುಂಡು ಮೇಲಕ್ಕೇ ಹೋಗುತ್ತಿತ್ತೆಂದು ಅವಳಿಗೆ ನೆನಪಿತ್ತು. ಈ ಸಲ ಅದನ್ನು ಎರಡು ಭಾಗ ಮಾಡಿದಳು: ಅಭ್ಯಾಸದಲ್ಲಿ ಕಾಗದದ ಗೊಂಬೆಗೆ ಹೊಡೆದದ್ದು ಒಂದು ಕಡೆ, ಗಲಭೆಯಲ್ಲಿ ಜನರೆದುರು ಹೊಡೆದದ್ದು ಇನ್ನೊಂದು ಕಡೆ. ಕೋವಿ ಅದೇ, ತೋಟಾ ಅದೇ, ಕೈಯೂ ಅದೇ. ಕಾಗದಕ್ಕೆ ಹೊಡೆದಾಗ ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಜನರ ಮೇಲೆ ಹೊಡಿ ಎಂದಾಗ ಹತ್ತರಲ್ಲಿ ಏಳು ಮಂದಿ ಹತ್ತಿರದವರಿಗೆ ದೂರದ ಗೆರೆ ಹಿಡಿದಿದ್ದರು, ಗುಂಡು ತಲೆಯ ಮೇಲಿಂದ ಹಾರಿಹೋಗಿತ್ತು. ಒಬ್ಬರಿಗೊಬ್ಬರು ಹೇಳಿಕೊಂಡವರಲ್ಲ ಅವರು, ಹೇಳಿಕೊಳ್ಳುವ ಹಾಗೂ ಇರಲಿಲ್ಲ. ಮೇಲಧಿಕಾರಿ ಹೊಡಿ ಎಂದ, ಹೊಡೆದರು. ಯಾರಿಗೂ ತಾಗಲಿಲ್ಲ, ಅಷ್ಟೇ. ಏಪ್ರಿಲ್ ಒಂದಕ್ಕೆ ಹೊರಡಬೇಕಿದ್ದ ತಿದ್ದುಪಡಿ ಆ ಗುಂಡುಗಳನ್ನೆಲ್ಲ ಮೊಳದಷ್ಟು ಕೆಳಕ್ಕೆ ತರುವುದಿತ್ತು. ಸಿಂಚನಾ ಅದನ್ನೂ ಅಳಿಸಿದಳು. ಅಳಿಸಿ, ರುಕ್ಸಾನಾಗೆ ಫೋನು ಮಾಡಿ ಎಲ್ಲ ಹೇಳಿದಳು.

‘ಅವನೊಬ್ಬನ ದಾಖಲೆ ತೋರಿಸಿದ್ರೆ ಸಾಕಾಗಲ್ಲ ಡಾಕ್ಟ್ರೇ’ ಎಂದಳು ರುಕ್ಸಾನಾ. ‘ಅವನ ಕೋವಿನೇ ಕೆಟ್ಟು ಗುಂಡು ಮೇಲೆ ಹೋಗ್ತಿತ್ತು, ಈಗ ನೆಟ್ಟಗಾಯ್ತು ಅಂತಾರೆ ಸರ್ಕಾರಿ ವಕೀಲರು. ಬೇಕಂತ್ಲೇ ತಪ್ಪಿಸೋರು ಬೇರೆಯವ್ರೂ ಇದಾರೆ, ಯಂತ್ರ ಅದನ್ನ ತಪ್ಪು ಅಂತ ತಿಳ್ಕೊಂಡಿದೆ ಅಂತ ತೋರಿಸ್ಬೇಕು. ಕಾಗದ ಬೇರೆ, ಜೀವ ಬೇರೆ ಅಂತ ನೀವು ಮಾಡಿರೋ ಲೆಕ್ಕ ಇದೆಯಲ್ಲ, ಅದೇ ಬೇಕು.’

ಕಾಡಿನ ಗಾರ್ಡುಗಳು ಕಾಗದಕ್ಕೆ ಹೊಡೆಯುವ ಅಭ್ಯಾಸವನ್ನೇ ಮಾಡುತ್ತಿರಲಿಲ್ಲ. ಆ ಲೆಕ್ಕ ಇದ್ದದ್ದು ಪೊಲೀಸ್ ಪಡೆಯ ದಾಖಲೆಯಲ್ಲಿ ಮಾತ್ರ. ಅದನ್ನು ಕೊಟ್ಟರೆ ಜಡೇಗೌಡ ಬಿಡುಗಡೆಯಾಗುತ್ತಾನೆ. ಆಜ್ಞೆ ಮೀರಿ ಗುರಿ ತಪ್ಪಿಸುತ್ತಿದ್ದವರ ಗುಟ್ಟು ರಟ್ಟಾಗುತ್ತದೆ. ಅತ್ತ ದರಿ, ಇತ್ತ ಹುಲಿ. ಸಿಂಚನಾ ಮತ್ತೆ ಜೈಲಿಗೆ ಹೋಗಿ ಇದನ್ನೆಲ್ಲ ಜಡೇಗೌಡನಿಗೇ ಹೇಳಿದಳು.

‘ಹೆಸ್ರು ಅದಾವಾ ಅದ್ರಲ್ಲಿ?’

‘ಇಲ್ಲ, ಸ್ಕೋಪಿನ ನಂಬರ್ ಅಷ್ಟೇ. ಅದನ್ನೂ ಅಳಿಸಿ ಕೊಡ್ತೀನಿ.’

ಅವನು ಅಂಗೈ ತಿಕ್ಕಿಕೊಂಡ. ‘ಹೆಸ್ರು ಅಳಿಸ್ಬೋದು ಮೇಡಮ್ಮೋರೆ. ವಿಸ್ಯ ಅಳಿಸಕ್ಕಾಯ್ತದಾ?’ ಎಂದ. ಆಮೇಲೆ, ‘ನನ್ನೆಂಡ್ರು ಮಾತಾಡ್ಸುದ್ರೆ ಸಾಕು ನಂಗೆ. ನಿಮ್ಗೆ ಸರಿ ಕಂಡಂಗ್ ಮಾಡಿ’ ಎಂದು ಮುಖ ತಿರುಗಿಸಿದ.

ಸಿಂಚನಾ ದಾಖಲೆ ಕೊಟ್ಟಳು. ಕಣ್ಣೆದುರು ಕೂತ ಒಬ್ಬ ಮನುಷ್ಯನ ಮುಂದೆ, ಆ ಪಡೆಯ ಮುಖವಿಲ್ಲದ ನಾನೂರು ಪೇದೆಗಳು ಎಷ್ಟು ದೊಡ್ಡವರಾದಾರು? ನೀವಾಗಿದ್ದರೂ ಅದನ್ನೇ ಮಾಡುತ್ತಿದ್ದಿರಿ. ತಪ್ಪು ನನ್ನ ಯಂತ್ರದ್ದು, ನನ್ನದು ಎಂದು ಕಟಕಟೆಯಲ್ಲಿ ನಿಂತು ಮೂರು ಸಲ ಹೇಳಿದಳು. ನಂಬರುಗಳನ್ನು ಅಳಿಸಿಯೇ ಕೊಟ್ಟಿದ್ದಳು. ಜಡೇಗೌಡ ಬಿಡುಗಡೆಯಾದ ದಿನ ಕೋರ್ಟಿನ ಮೆಟ್ಟಿಲ ಮೇಲೆ ಅವನ ಹೆಂಡತಿ ಕೇತಮ್ಮ ಬಂದು ಅವನ ರಟ್ಟೆ ಹಿಡಿದುಕೊಂಡಳು. ಅದನ್ನು ನೋಡಿ ಸಿಂಚನಾಗೆ ಅಳು ಬಂತು. ಎಷ್ಟೋ ದಿನಗಳ ಮೇಲೆ ಆ ಸಂಜೆ ಅವಳು ಹೊಟ್ಟೆತುಂಬ ಊಟ ಮಾಡಿದಳು.

ವಾರದ ಮೇಲೆ ಪೊಲೀಸ್ ಪಡೆಯ ಹಿರಿಯ ಅಧಿಕಾರಿಯೊಬ್ಬರು ಲ್ಯಾಬಿಗೆ ಬಂದರು. ಬಹಳ ಮರ್ಯಾದಸ್ಥರು, ಕಾಫಿ ಕುಡಿದು ಚೆನ್ನಾಗಿದೆ ಎಂದರು.

‘ನಿಮ್ಮ ಗೆರೆ ತಿದ್ದುಪಡಿ ನಮಗೆ ಬೇಡ ಮೇಡಂ. ಸ್ಕೋಪು ಈಗ ಹೇಗಿದೆಯೋ ಹಾಗೇ ಇರಲಿ.’

ಸಿಂಚನಾ ನಿಟ್ಟುಸಿರು ಬಿಟ್ಟಳು.

‘ಹಳೇದನ್ನ ನಾವು ಕೆದಕೋಕೆ ಹೋಗಲ್ಲ. ಯಾರು ಯಾರು ಅಂತ ತಿಳ್ಕೊಂಡು ಏನಾಗ್ಬೇಕು? ಇನ್ನು ಮುಂದೆ ಗುಂಡು ಹಾರ್ಸಿದ ಪ್ರತಿಯೊಬ್ಬರ ಸ್ಕೋಪಿನ ರೆಕಾರ್ಡನ್ನ ಅವತ್ತೇ ತೆಗ್ದು, ಯಾವ ಗೆರೆ ಹಿಡಿದ್ರು ನೋಡ್ತೀವಿ ಅಂತ ಒಂದು ಸುತ್ತೋಲೆ ಕಳಿಸಿದೀನಿ, ಅಷ್ಟೇ. ಎಷ್ಟು ಸುಲಭ ಮಾಡ್ಕೊಟ್ರಿ ನೀವು!’ ಎಂದು ಕೈಮುಗಿದು ಹೋದರು.

ಅಕ್ಟೋಬರಿನಲ್ಲಿ ದೂರದ ಒಂದು ಊರಿನಲ್ಲಿ ಕುಡಿಯುವ ನೀರಿನ ಟ್ಯಾಂಕರುಗಳನ್ನು ಜನ ಅಡ್ಡಗಟ್ಟಿದರು. ಕಲ್ಲು ಬಿದ್ದವು, ಲಾಠಿ ಎದ್ದವು. ಹೊಡಿ ಎಂದು ಆಜ್ಞೆಯಾಯಿತು. ಏಳು ಪೇದೆಗಳು ಒಂದೊಂದು ಗುಂಡು ಹಾರಿಸಿದರು. ಏಳು ಜನ ಸತ್ತರು. ಅವರಲ್ಲಿ ಇಬ್ಬರು ಬಿಂದಿಗೆ ಹಿಡಿದು ಸಾಲಿನಲ್ಲಿ ನಿಂತಿದ್ದ ಹೆಂಗಸರು.

ಮಾರನೆಯ ದಿನ ಜಡೇಗೌಡ ಫೋನು ಮಾಡಿದ.

‘ಮೇಡಮ್ಮೋರೆ, ಏಳ್ಕೆ ಏಳೂವಾ?’

‘ಹೂಂ.’

‘ಒಬ್ಬನಾದ್ರೂವೆ ತಪ್ಸಿಲ್ವಾ?’

‘ಇಲ್ಲ ಜಡೇಗೌಡ್ರೆ.’

‘ನಾ ಅಲ್ಲೇ ಒಳಗೇ ಇದ್ದುಬುಟ್ಟಿದ್ರೆ...’ ಎಂದ. ಇಬ್ಬರೂ ಫೋನು ಇಡಲಿಲ್ಲ.

ಇದೆಲ್ಲ ಆಗುವುದು ಇನ್ನೂ ಎಷ್ಟೋ ವರ್ಷಗಳ ಮೇಲೆ. ನೀವು ಇದನ್ನು ಓದುತ್ತಿರುವ ಈ ಹೊತ್ತಿಗೆ ಎಲ್ಲೋ ಒಂದು ಕಡೆ ಗಲಾಟೆಯಾಗಿರುತ್ತದೆ. ನಾಳೆ ಪತ್ರಿಕೆಯ ಒಳಪುಟದಲ್ಲಿ ‘ಒಂಬತ್ತು ಸುತ್ತು ಗುಂಡು, ಪ್ರಾಣಹಾನಿ ಇಲ್ಲ’ ಎಂದು ಎರಡು ಸಾಲು ಬರುತ್ತದೆ. ಇವರಿಗೆ ನೆಟ್ಟಗೆ ಗುರಿ ಹಿಡಿಯೋಕೂ ಬರಲ್ಲ ಕಣ್ರೀ ಎಂದು ನಾವು ನಕ್ಕು ಪುಟ ತಿರುಗಿಸುತ್ತೇವೆ. ಆ ಒಂಬತ್ತು ಮಂದಿ ಯಾರು, ಬೆರಳು ಒತ್ತುವ ಮುಂಚೆ ಅವರ ಮನಸ್ಸಿನಲ್ಲಿ ಏನಿತ್ತು ಎಂಬುದು ಸದ್ಯಕ್ಕೆ ಯಾರಿಗೂ ಗೊತ್ತಿಲ್ಲ. ಪುಣ್ಯಕ್ಕೆ, ಯಾರೂ ಕೇಳುವುದೂ ಇಲ್ಲ.