ಕಲಿಯುವ ಕೈಗಳು ಎರೆದ ಗಂಟೆ

ಬಹಳ ಕಾಲದ ಹಿಂದೆ, ಮೂರು ಹೊಳೆಗಳು ಕೂಡುವ ಕಡೆ, ತೊರೆನಾಡು ಎಂಬ ರಾಜ್ಯವಿತ್ತು. ಪದ್ಮಲೆ ಎಂಬ ರಾಣಿ ಅದನ್ನು ಆಳುತ್ತಿದ್ದಳು. ಆ ನಾಡಿನಲ್ಲಿ ಒಂದು ಪದ್ಧತಿ. ಪಾಠಶಾಲೆಯ ಕೊನೆಯ ವರ್ಷಕ್ಕೆ ಬಂದ ಹುಡುಗ ಹುಡುಗಿಯರು, ಅರಮನೆಯ ಮಕ್ಕಳೇ ಆಗಲಿ ಅಂಬಿಗರ ಮಕ್ಕಳೇ ಆಗಲಿ, ಬೆಳಗ್ಗೆ ಓದು ಮುಗಿಸಿ ಮಧ್ಯಾಹ್ನ ಯಾವುದಾದರೊಂದು ಕಮ್ಮಟಕ್ಕೆ ಹೋಗಿ ಕಸುಬು ಕಲಿಯಬೇಕು. ಕಲಿಸುವವರನ್ನು ಓಜರು ಎಂದು ಕರೆಯುತ್ತಿದ್ದರು.

ಹೊಳೆಯ ದಂಡೆಯ ಬುರುಜಿನಲ್ಲಿ ಒಂದು ದೊಡ್ಡ ಕಂಚಿನ ಗಂಟೆ ತೂಗುತ್ತಿತ್ತು. ಅದರೊಳಗೆ ಜಲದೇವತೆ ನೆಲಸಿದ್ದಾಳೆ ಎಂದು ಹಿರಿಯರು ಹೇಳುತ್ತಿದ್ದರು. ದೇವತೆಯನ್ನು ಕಂಡವರು ಯಾರೂ ಇರಲಿಲ್ಲ. ಮಂಜು ಕವಿದಾಗ ದೋಣಿಯವರು ಅದರ ದನಿ ಹಿಡಿದು ದಡ ಸೇರುವುದನ್ನು ಮಾತ್ರ ಎಲ್ಲರೂ ಕಂಡಿದ್ದರು.

ಅಂಬಿಗ ಕಾಟಯ್ಯನ ಮಗಳು ಸೋವಲೆಗೆ ಜೋಯಿಸರ ಬಳಿ ನಕ್ಷತ್ರಗಳ ಲೆಕ್ಕ ಕಲಿಯುವ ಆಸೆಯಿತ್ತು. ಅಲ್ಲಿ ಜಾಗವಿರಲಿಲ್ಲ. ಅವಳ ಪಾಲಿಗೆ ಬಂದದ್ದು ಕೇತೋಜನ ಎರಕದ ಕಮ್ಮಟ. ಕೇತೋಜನು ಗಂಟೆ ಎರಕ ಹೊಯ್ಯುವುದರಲ್ಲಿ ನಾಡಿಗೇ ಹೆಸರಾದವನು; ಮಾತು ಮಾತ್ರ ಕಡಿಮೆ. ಇಷ್ಟು ಓದಿಸಿದ್ದು ಮಣ್ಣು ಜರಡಿ ಹಿಡಿಯಲಿಕ್ಕೇನು ಎಂದು ತಾಯಿ ದಿನವೂ ಗೊಣಗುತ್ತಿದ್ದಳು. ತಂದೆ ನಗುತ್ತಿದ್ದ. ಗಂಟೆಯ ದನಿಯನ್ನು ನಂಬಿ ಹೊಳೆಗಿಳಿಯುವವನು ತಾನು, ಅದರ ಮರ್ಮ ಮಗಳಿಗಾದರೂ ತಿಳಿಯಲಿ ಎನ್ನುತ್ತಿದ್ದ.

ಆ ವರ್ಷ ಕಾರ್ತಿಕ ಮಾಸದಲ್ಲಿ ಧೂಮಾಕ್ಷನೆಂಬ ಮಾಂತ್ರಿಕ ಬಂದ. ಅವನು ಗಂಟೆಯ ಮೇಲೆ ಉಸಿರು ಬಿಟ್ಟ, ಗಂಟೆ ಸೀಳಿತು. ಹೊಳೆಯ ಮೇಲೆ ಉಸಿರು ಬಿಟ್ಟ. ಎದುರಿಗಿದ್ದವರ ಮುಖ ಕಾಣದಂಥ ಮಂಜು ಕವಿಯಿತು. ಊರಿನ ಮೇಲೆ ಉಸಿರು ಬಿಟ್ಟ. ಓಜರೆಲ್ಲರ ಕೈಗಳಿಂದ ಅವರವರ ಕಸುಬು ಪಾರಿವಾಳಗಳಂತೆ ಮೇಲೆದ್ದು ಹಾರಿ, ಅವನ ಬೆರಳುಗಳ ಮೇಲೆ ಕುಳಿತು ಒಳಗಿಳಿಯಿತು. ಅವನ ಬೆರಳುಗಳು ಮೊಳದುದ್ದ ಬೆಳೆದವು. ಓಜರ ಕೈಗಳು ಒದ್ದೆ ಬಟ್ಟೆಯಂತೆ ಜೋತುಬಿದ್ದವು.

ಅಮಾವಾಸ್ಯೆಯೊಳಗೆ ಕಿರೀಟವನ್ನು ತನಗೊಪ್ಪಿಸಬೇಕು, ಇಲ್ಲವಾದರೆ ಮಂಜೆಲ್ಲ ಕಲ್ಲಾಗುತ್ತದೆ, ಒಳಗಿದ್ದ ದೋಣಿಗಳೂ ಕಲ್ಲಾಗುತ್ತವೆ ಎಂದು ಅವನು ಸಾರಿದ. ಹೊಸ ಗಂಟೆ ಮೊಳಗಿದರೆ ದೋಣಿಗಳು ದಡ ಸೇರುವುದು ನಿಜ, ಆದರೆ ಅದನ್ನು ಎರೆಯುವ ಕೈ ಈ ನಾಡಿನಲ್ಲಿ ಯಾರಿಗಿದೆ ಎಂದು ನಕ್ಕ. ಮಂಜಿನೊಳಗೆ ಊರಿನ ಅಂಬಿಗರಲ್ಲಿ ಅರ್ಧ ಜನ ಸಿಕ್ಕಿಬಿದ್ದಿದ್ದರು. ಅವರಲ್ಲಿ ಕಾಟಯ್ಯನೂ ಒಬ್ಬ.

ಅಂಬಿಗರ ಜೀವದ ಮುಂದೆ ಕಿರೀಟ ದೊಡ್ಡದಲ್ಲ ಎಂದು ರಾಣಿ ಅದನ್ನು ತಲೆಯಿಂದ ತೆಗೆದೇಬಿಟ್ಟಿದ್ದಳು. ಆಗ ಸೋವಲೆ ಸಭೆಯ ಹಿಂಬದಿಯಿಂದ ಮುಂದೆ ಬಂದಳು.

"ನಮ್ಮ ಕೈಗಳನ್ನು ಅವನು ಮುಟ್ಟಿಲ್ಲ, ಮಹಾರಾಣಿಯವರೇ."

"ಯಾರ ಕೈಗಳನ್ನು?"

"ಕಮ್ಮಟಗಳಲ್ಲಿ ಕಲಿಯುತ್ತಿರುವವರ ಕೈಗಳನ್ನು. ಅವುಗಳಲ್ಲಿ ಕದಿಯುವಂಥದ್ದು ಅವನಿಗೆ ಏನೂ ಕಾಣಲಿಲ್ಲ."

ಸಭೆಯಲ್ಲಿ ಕೆಲವರು ನಕ್ಕರು. ರಾಣಿ ನಗಲಿಲ್ಲ. ಅಮಾವಾಸ್ಯೆಯವರೆಗೆ ಕಿರೀಟ ತನ್ನ ಮಡಿಲಲ್ಲೇ ಇರಲಿ ಎಂದಳು.

ಗಂಟೆಗೆ ಮೊದಲು ಬೇಕಾದದ್ದು ಮಣ್ಣು. ಎರಕದ ಮಣ್ಣು ಸಿಗುತ್ತಿದ್ದುದು ಕೂಡಲಿನ ಕೆಳಗಿನ ಮಡುವಿನ ದಂಡೆಯಲ್ಲಿ. ಧೂಮಾಕ್ಷನು ಅಲ್ಲಿ ಮಾತನಾಡುವ ಮೊಸಳೆಯೊಂದನ್ನು ಕಾವಲಿಟ್ಟಿದ್ದ. ಇಲ್ಲಿ ಮೂರು ಪದರ ಮಣ್ಣಿದೆ, ಅವುಗಳಲ್ಲಿ ಒಂದು ಮಾತ್ರ ಗಂಟೆಗೆ ಒದಗುವುದು, ತಪ್ಪು ಪದರಕ್ಕೆ ಚಾಚಿದ ಕೈ ನನ್ನದು ಎಂದು ಮೊಸಳೆ ಹೇಳಿತು. ಮೂರೂ ಪದರ ನೋಡಲು ಒಂದೇ ಬಣ್ಣ. ಸೋವಲೆ ಕೈ ಚಾಚಲಿಲ್ಲ. ಒಂದು ಹುಲ್ಲುಕಡ್ಡಿಯ ತುದಿಯಿಂದ ಪದರಕ್ಕೊಂದು ಚೂರು ಕೆರೆದು, ಮುಂದಿನ ಹಲ್ಲುಗಳ ನಡುವೆ ಇಟ್ಟು ಕಡಿದಳು. ಮೊದಲನೆಯದು ಕರಕರ ಎಂದಿತು. ಎರಡನೆಯದೂ ಸ್ವಲ್ಪ ಕರಕರ ಎಂದಿತು. ಮೂರನೆಯದು ಬೆಣ್ಣೆಯಂತೆ ಇಳಿಯಿತು.

"ಇದು," ಎಂದಳು.

"ನನ್ನ ಮಡುವಿನ ಮಣ್ಣನ್ನು ನೀನು ತಿಂದೆಯಾ?" ಎಂದಿತು ಮೊಸಳೆ. ಅದಕ್ಕೆ ಇದು ಹೊಸದು.

"ಕಮ್ಮಟಕ್ಕೆ ಸೇರಿದ ಲಾಗಾಯ್ತು ತಿನ್ನುತ್ತಿದ್ದೇನೆ," ಎಂದು ಸೋವಲೆ ಬುಟ್ಟಿ ತುಂಬಿಕೊಂಡಳು.

ಎರಡನೆಯದು ಮೇಣ. ಬಂಡೆಗಲ್ಲಿನ ಹೆಜ್ಜೇನುಗಳು ಧೂಮಾಕ್ಷನ ಮಾಯೆಯಿಂದ ತಾಮ್ರದ ಮೈ ಪಡೆದಿದ್ದವು. ಕಡಿದರೆ ಮಾಂಸ ಸುಡುತ್ತಿತ್ತು. ಇಲ್ಲಿ ಸೋವಲೆ ಎಡವಿದಳು. ಮಣ್ಣು ಗೆದ್ದ ಹುರುಪಿನಲ್ಲಿ ಬಂಡೆ ಹತ್ತಿ ಹೊಸ ಜೇನುತಟ್ಟಿಗೇ ಕೈಹಾಕಿ ಮೂರು ಕಡೆ ಕಡಿಸಿಕೊಂಡು ಕೆಳಗಿಳಿದಳು. ನೇಕಾರರ ಕಮ್ಮಟದಲ್ಲಿ ಕಲಿಯುತ್ತಿದ್ದ ಗೆಳೆಯ ಬೀರ ಕೆಳಗೆ ಹಗ್ಗ ಹಿಡಿದು ನಿಂತಿದ್ದ. ಮುಖ ಎರಕ ಹೊಯ್ದಂತೆ ಉಬ್ಬಿದೆ, ಗಂಟೆಯ ಬದಲು ಇದನ್ನೇ ಬುರುಜಿಗೆ ತೂಗಿಹಾಕಬಹುದು ಎಂದ. ಸೋವಲೆ ನಕ್ಕು, ಅತ್ತು, ಮತ್ತೆ ಹತ್ತಿದಳು. ಈ ಸಲ ಜೇನಿರುವ ತಟ್ಟಿಯನ್ನು ಬಿಟ್ಟು, ಮರಿಗಳು ಹಾರಿಹೋಗಿ ಬರಿದಾದ ಕಪ್ಪು ಹಳೆಯ ತಟ್ಟಿಯನ್ನಷ್ಟೇ ಬಿಡಿಸಿದಳು. ಹುಳುಗಳು ಅವಳ ಕೈ ಮೇಲೆ ನಡೆದಾಡಿದವು. ಒಂದೂ ಕಡಿಯಲಿಲ್ಲ.

ಕಷ್ಟವಾದದ್ದು ಕಮ್ಮಟಕ್ಕೆ ಮರಳಿದ ಮೇಲೆ. ಕೇತೋಜನು ಜೀವಮಾನವಿಡೀ ಕೈಯಿಂದ ಮಾಡಿದ್ದನ್ನು ಬಾಯಿಂದ ಹೇಳಿರಲಿಲ್ಲ. ಗಂಟೆಯ ಒಳ ಆಕಾರಕ್ಕೆ ಕಟ್ಟಿದ ಮಣ್ಣಿನ ತಿರುಳಿಗೆ ಮೇಣ ಹೇಗೆ ಮೆತ್ತಬೇಕೆಂದು ಕೇಳಿದರೆ, ಹೀಗೆ ಎಂದು ಹೆಗಲು ಕೊಡವುತ್ತಿದ್ದ. ಜೋತ ಕೈ ಅಲುಗುತ್ತಿರಲಿಲ್ಲ.

"ಹೀಗೆ ಎಂದರೆ ಹೇಗೆ, ಓಜರೇ?"

"ಹೀಗೆ ಎಂದರೆ..." ಅವನು ಮಾತಿಗಾಗಿ ತಡಕಾಡಿದ. "ಎಳೆ ಮಗುವಿಗೆ ಎಣ್ಣೆ ಹಚ್ಚುತ್ತಾರಲ್ಲ ಮಗಳೇ, ಹಾಗೆ. ಒತ್ತಬೇಡ. ಬಿಡಲೂ ಬೇಡ."

ಅವಳು ಮೆತ್ತಿದಳು. ಮೇಣ ಬಿರಿಯಿತು. ಕಿತ್ತು ಮತ್ತೆ ಮೆತ್ತಿದಳು. ಬುರುಜಿನ ಮೇಲೆ ಕುಳಿತ ಧೂಮಾಕ್ಷನು ಪ್ರತಿ ಸಲವೂ ಚಪ್ಪಾಳೆ ತಟ್ಟಿದ. ಕುಂಬಾರರ ಕಮ್ಮಟದ ಮಕ್ಕಳು ಬಂದು ಮಣ್ಣು ತುಳಿದರು, ಕಮ್ಮಾರರ ಕಮ್ಮಟದವರು ತಿದಿ ಒತ್ತಿದರು. ಸೋವಲೆಯ ತಾಯಿಯೂ ಒಂದು ದಿನ ಬಂದು ಸೆರಗು ಸೊಂಟಕ್ಕೆ ಕಟ್ಟಿ ಜರಡಿ ಹಿಡಿದಳು.

ಕೊನೆಗೆ ಮೇಣದ ಗಂಟೆ ನಿಂತಿತು. ಅದರ ಮೇಲೆ ಮಣ್ಣು ಕಟ್ಟಿ ಬೆಂಕಿ ತೋರಿಸಿದರು. ಮೇಣ ಕರಗಿ ಹರಿದುಹೋಯಿತು. ಗಂಟೆಯ ಆಕಾರದ ಟೊಳ್ಳು ಒಳಗೆ ಉಳಿಯಿತು. ಇನ್ನು ಅಚ್ಚು ಪೂರ್ತಿ ಒಣಗಬೇಕು, ಆಮೇಲೆ ಕಂಚು. ಸೋವಲೆ ಎಷ್ಟು ಹೊತ್ತು ಎಂದು ಕೇಳಿದರೆ ಕೇತೋಜ ತಲೆಯಾಡಿಸಿದ. ಅದನ್ನು ತನ್ನನ್ನು ಕೇಳಬಾರದು, ಯಾವ ಓಜನನ್ನೂ ಕೇಳಬಾರದು. ಅಚ್ಚಿಗೆ ತಟ್ಟೆ ಹಿಡಿಯುವುದು ಅಂದಿನಿಂದ ಇಂದಿನವರೆಗೆ ಕಲಿಯುವ ಮಕ್ಕಳ ಕೆಲಸ, ಆ ಹೊತ್ತಿನಲ್ಲಿ ಓಜರು ಊಟಕ್ಕೆ ಹೋಗಿರುತ್ತಾರೆ, ಎಳವೆಯಲ್ಲಿ ಹಿಡಿದದ್ದು ಅವರ ಕೈಗೆ ಎಂದೋ ಮರೆತುಹೋಗಿರುತ್ತದೆ ಎಂದ.

ತಟ್ಟೆ ಹಿಡಿಯುವುದೆಂದರೆ ಇಷ್ಟೇ. ತಣ್ಣೀರಿನಲ್ಲಿ ಅದ್ದಿ ಒರೆಸಿದ ಕಂಚಿನ ತಟ್ಟೆಯನ್ನು ಅಚ್ಚಿನ ಗಾಳಿಕಂಡಿಯ ಮೇಲೆ ಹಿಡಿಯಬೇಕು. ತಟ್ಟೆಯ ಮೇಲೆ ಹಬೆ ಕೂತರೆ ಅಚ್ಚಿನೊಳಗೆ ಇನ್ನೂ ತೇವವಿದೆ.

ಅಮಾವಾಸ್ಯೆಯ ದಿನ ಬೆಳಗ್ಗೆಯೂ ಹಬೆ ಕೂತಿತು.

ಮೂಸೆಯಲ್ಲಿ ಕಂಚು ಕುದಿಯುತ್ತಿತ್ತು. ಹೊರಗೆ ತಾಯಂದಿರು ಹೊಳೆಯ ಕಡೆಗೆ ಹೆಸರು ಹಿಡಿದು ಕೂಗುತ್ತಿದ್ದರು. ಧೂಮಾಕ್ಷ ಬುರುಜಿನಿಂದ ಇಳಿದು ಕಮ್ಮಟದೊಳಗೆ ಬಂದ. ಗಂಟೆ ಹೇಗಿದ್ದರೂ ಆಗಿಯೇಬಿಟ್ಟಿತಲ್ಲ, ಅದನ್ನು ತನ್ನ ಕೈಯಾರೆ ಎರೆದರೆ ಅದರ ದನಿಯೂ ತನ್ನ ಮಾತು ಕೇಳುತ್ತದೆ, ಆಮೇಲೆ ಈ ಹೊಳೆಯ ಮೇಲೆ ಒಂದು ದೋಣಿಯೂ ತನ್ನ ಅಪ್ಪಣೆಯಿಲ್ಲದೆ ದಡ ಸೇರದು ಎಂಬುದು ಅವನ ಎಣಿಕೆ. ಅಚ್ಚಿನ ಮೇಲೆ ಬಿಸಿಯುಸಿರು ಬಿಟ್ಟ. ಹೊರಮೈ ಸುಣ್ಣದಂತೆ ಬೆಳ್ಳಗಾಯಿತು.

ಸೋವಲೆ ಒಮ್ಮೆ ಹೊಳೆಯ ಕಡೆ ನೋಡಿದಳು. ಅವಳ ತಂದೆ ಅಲ್ಲಿ, ಮಂಜಿನಲ್ಲಿ; ಅಚ್ಚು ಇಲ್ಲಿ, ನೋಡಲು ಒಣಗಿದ್ದು. ಎರೆದುಬಿಡು ಎಂದು ಮನಸ್ಸು ಹೇಳಿತು. ಅವಳು ತಟ್ಟೆ ಹಿಡಿದಳು.

"ಹಸಿಯಿದೆ," ಎಂದಳು.

"ನಾಡಿನ ಓಜರೆಲ್ಲರ ಕೈಗಳು ನನ್ನಲ್ಲಿವೆ," ಎಂದ ಧೂಮಾಕ್ಷ. "ಅವುಗಳಲ್ಲಿ ಒಂದಕ್ಕೂ ಇಂಥ ತಟ್ಟೆ ಹಿಡಿದ ನೆನಪಿಲ್ಲ."

"ಇರುವುದಿಲ್ಲ. ಅದು ನಮ್ಮ ಕೆಲಸ. ಹಸಿಯಿದೆ."

ಅವನು ಮೂಸೆಯನ್ನು ಉದ್ದ ಬೆರಳುಗಳಲ್ಲಿ ಹೂವಿನಂತೆ ಎತ್ತಿದ. ಎಂಥ ಕೈಗಳವು. ಒಂದು ತೊಟ್ಟೂ ತುಳುಕಲಿಲ್ಲ.

"ಅಯ್ಯಾ, ಮೂರನೆಯ ಸಲ ಹೇಳುತ್ತಿದ್ದೇನೆ, ಹಸಿಯಿದೆ," ಎಂದು ಸೋವಲೆ ಕೇತೋಜನ ಹೆಗಲು ಹಿಡಿದು ಗೋಡೆಯ ಹಿಂದಕ್ಕೆ ಎಳೆದಳು. ಬೀರನೂ ಉಳಿದ ಮಕ್ಕಳೂ ತಿದಿ ಬಿಟ್ಟು ಓಡಿದರು.

ಧೂಮಾಕ್ಷ ಎರೆದ ಕುದಿಯುವ ಕಂಚು ತೇವವನ್ನು ಮುಟ್ಟಿತು. ಅಚ್ಚು ಸಿಡಿಯಿತು. ಕಮ್ಮಟದ ಮಾಡು ಹಾರಿತು, ಬಿಳಿಯ ಹಬೆ ಆಕಾಶಕ್ಕೆದ್ದಿತು, ಹಬೆಯೊಳಗಿಂದ ಪಾರಿವಾಳಗಳು ಹಾರಿ ಬಂದು ಮನೆಮನೆಯ ಓಜರ ಕೈಗಳಲ್ಲಿ ಇಳಿದವು. ಹಬೆ ಆರಿದಾಗ ನೆಲದ ಮೇಲೆ ಒಬ್ಬ ಸಣಕಲು ಮನುಷ್ಯ ಕುಳಿತಿದ್ದ. ಅವನ ಬೆರಳುಗಳು ಗಿಡ್ಡಗಾಗಿದ್ದವು, ಅವುಗಳಲ್ಲಿ ಮಾಯೆಯೂ ಇರಲಿಲ್ಲ, ಕಸುಬೂ ಇರಲಿಲ್ಲ. ಅಮಾವಾಸ್ಯೆ ಕಳೆದರೂ ಮಂಜು ಕಲ್ಲಾಗಲಿಲ್ಲ.

ಆದರೆ ಕರಗಲೂ ಇಲ್ಲ. ಮಾಂತ್ರಿಕನ ಮಾಯೆ ಹೋದ ಮೇಲೆ ಅದು ಬರಿಯ ಮಂಜಾಗಿ ಉಳಿಯಿತು, ಮತ್ತು ಬರಿಯ ಮಂಜಿನಲ್ಲಿಯೂ ದಾರಿ ತಪ್ಪುತ್ತದೆ. ದೋಣಿಗಳಲ್ಲಿ ಮೀನಿತ್ತು, ಕುಡಿಯಲು ಹೊಳೆಯ ನೀರಿತ್ತು, ಅಂಬಿಗರು ಕಾಯಬಲ್ಲರು. ಸೋವಲೆ ಮೊದಲಿನಿಂದ ಮಣ್ಣು ಕಲಸಿದಳು. ಈ ಸಲ ಓಜರ ಕೈಗಳು ಪಕ್ಕದಲ್ಲಿದ್ದವು. ಆದರೆ ಮೇಣ ಮೆತ್ತುವಾಗ ಕೇತೋಜನು ತನ್ನ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತ. ಅಚ್ಚು ಆರುವ ಹೊತ್ತಿಗೆ ಅವನು ಊಟಕ್ಕೆ ಹೋಗಲಿಲ್ಲ. ತಟ್ಟೆ ಕೇಳಿದ. ಹೇಗೆ ಹಿಡಿಯುವುದೆಂದು ಸೋವಲೆ ತೋರಿಸಿದಳು. ಹಬೆ ಕೂರಲಿಲ್ಲ. ಅವಳು ಎರೆದಳು.

ಹೊಸ ಗಂಟೆಯ ಅಂಚು ಒಂದು ಕಡೆ ಸ್ವಲ್ಪ ದಪ್ಪವಾಗಿತ್ತು. ದನಿಯಲ್ಲಿ ನೆಗಡಿಯಾದವರ ಗೊಗ್ಗರು. ಆ ಗೊಗ್ಗರು ದನಿ ಹಿಡಿದು ದೋಣಿಗಳು ಒಂದೊಂದಾಗಿ ದಡಕ್ಕೆ ಬಂದವು. ಕಾಟಯ್ಯ ಇಳಿದು ಮಗಳ ಮುಖದ ಕಲೆಗಳನ್ನೂ ಕೈಯ ಬೊಬ್ಬೆಗಳನ್ನೂ ನೋಡಿ, ಆ ಕೈಗಳನ್ನು ತನ್ನ ಅಂಗೈಗಳಲ್ಲಿ ಹಿಡಿದುಕೊಂಡ. ಊರಿಗೆ ಊರೇ ಹಬ್ಬ ಮಾಡಿತು. ಜಲದೇವತೆ ಮರಳಿ ಬಂದಳು ಎಂದು ಹಿರಿಯರು ಅಂದರು. ಸೋವಲೆ ಇಲ್ಲವೆನ್ನಲಿಲ್ಲ.

ಧೂಮಾಕ್ಷನನ್ನು ಏನು ಮಾಡುವುದೆಂದು ರಾಣಿ ಅವಳನ್ನೇ ಕೇಳಿದಳು. ಕಲಿಯುವ ಕೈಗಳು ಕಮ್ಮಟದಲ್ಲಿ ಯಾವಾಗಲೂ ಸಾಲವು ಎಂದಳು ಸೋವಲೆ. ಹೀಗಾಗಿ ತೊರೆನಾಡಿನಲ್ಲಿ ಎಲ್ಲರೂ ಉಂಡು ಉಟ್ಟು ನಕ್ಕು ಬಾಳುತ್ತಿದ್ದ ಆ ಮುಂದಿನ ದಿನಗಳಲ್ಲಿ, ಹಳೆಯ ಮಾಂತ್ರಿಕನೊಬ್ಬ ಪಾಠಶಾಲೆಯ ಮಕ್ಕಳ ನಡುವೆ ಕುಳಿತು ಮಣ್ಣು ಜರಡಿ ಹಿಡಿಯುತ್ತಿದ್ದ.

"ಎಷ್ಟು ದಿನ ಹೀಗೆ?" ಎಂದು ಅವನು ಮೊದಲ ದಿನ ಕೇಳಿದ್ದ.

"ಕೈಗೆ ಬರುವವರೆಗೆ," ಎಂದು ಸೋವಲೆ ಅವನ ಮುಂದೆ ಇನ್ನೊಂದು ಬುಟ್ಟಿ ಇಟ್ಟಿದ್ದಳು.